ಮಂಕ್ ಮಂಕಾದ ಕಥೆ

ಈ ಸಲದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಫ್ರೀಮಾಂಟಿನ ನಮ್ಮ ಮನೆಯ ಊಟದ ಮೇಜು ಮೂರು ದಿನ ಊಟಕ್ಕೆ ಸಿಗಲಿಲ್ಲ. ಮಗನೂ ಅವನ ಗೆಳೆಯರೂ ಅದರ ಮೇಲೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟ ಹರಡಿಕೊಂಡಿದ್ದರು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸುತ್ತಾ, ಮಾತಿನಲ್ಲೇ ಸಾಹಸ ಮಾಡುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಮಾತು ಅಲ್ಲಲ್ಲೇ ಹುಟ್ಟಬೇಕು. ಇಷ್ಟರಮಟ್ಟಿಗೆ ಆಟ ನಮಗೂ ಹಿಡಿಸಿತು.

ಮಗನಿಗೆ ಬೇಕಾಗಿದ್ದುದು ಪಂಡಿತ ಸನ್ಯಾಸಿಯ ಪಾತ್ರ. ಆಟದಲ್ಲಿ 1975ರಿಂದಲೂ 'ಮಂಕ್' ಎಂಬ ವರ್ಗವಿದೆ. ಆದರೆ ಅವನು ಬರಿಗೈಯಲ್ಲಿ ಬಡಿದಾಡುವ ಸನ್ಯಾಸಿ. 2014ರ ನಿಯಮದ ಪುಸ್ತಕದಂತೆ ಆರು ಗುಣಗಳಿಗೆ 15, 14, 13, 12, 10, 8 ಎಂಬ ಅಂಕಗಳನ್ನು ಹಂಚಬಹುದು. ಮಂಕ್‌ಗೆ ಮುಖ್ಯವಾದುವು ಚುರುಕುತನ ಮತ್ತು ವಿವೇಕ. ಬುದ್ಧಿ ಅವನ ಏಟಿಗೆ ಉಪಯೋಗವಿಲ್ಲ. ಅದಕ್ಕೇ ಮಗ 8ನ್ನು ಬುದ್ಧಿಯ ಪಾಲಿಗೆ ತಳ್ಳಿದ. ಇತಿಹಾಸದ ಪ್ರಶ್ನೆ ಬಂದರೆ ದಾಳದ ಲೆಕ್ಕ ಬುದ್ಧಿಯಿಂದಲೇ. ಹೀಗೆ ಪಂಡಿತ ಮಂಕ್ ಮಂಕಾದ!

ನಮ್ಮ ಆಕ್ಷೇಪ ಇಲ್ಲಿದೆ. ಈ ಆಟ ವಿವೇಕವನ್ನು ಸನ್ಯಾಸಿಗೂ ಪುಸ್ತಕವನ್ನು ಮಂತ್ರವಾದಿಗೂ ಪಾಲು ಮಾಡಿಕೊಟ್ಟಿದೆ. ನಮ್ಮ ನಾಡಿನಲ್ಲಿ ಇವೆರಡೂ ಒಬ್ಬರಲ್ಲೇ ಇದ್ದುವು. ಜೈನ ಯತಿ ಭಟ್ಟಾಕಳಂಕ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಬರೆದರು. ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣ. ಅದಕ್ಕೆ ವೃತ್ತಿ, ವ್ಯಾಖ್ಯಾನಗಳೂ ಅವರವೇ. ಇದನ್ನು ಹೇಳಿದಾಗ ಮಗ ಕೇಳಿದ: "ಅಪ್ಪ, ಅವರು ಯಾರ ಜೊತೆ ಫೈಟ್ ಮಾಡಿದ್ರು?"

ಪ್ರಶ್ನೆ ದಡ್ಡತನದ್ದಲ್ಲ. ಕನ್ನಡ ಶಾಸ್ತ್ರಕ್ಕೆ ಒದಗದ ಭಾಷೆ ಎಂಬ ಮಾತಿನ ಜೊತೆ ಅವರು ಹೋರಾಡಿದರು. ಕನ್ನಡದಲ್ಲಿ 96,000 ಗ್ರಂಥಪ್ರಮಾಣದ 'ಚೂಡಾಮಣಿ' ವ್ಯಾಖ್ಯಾನವೇ ಇದೆಯಲ್ಲ ಎಂದು ಸಾಕ್ಷಿ ಕೊಟ್ಟರು. ಆ 'ಚೂಡಾಮಣಿ' ಇಂದು ನಮಗೆ ಸಿಕ್ಕಿಲ್ಲ. ಅವರ ಸಾಕ್ಷಿ ಉಳಿದಿದೆ.

ಇಂಥ ಪಾತ್ರಕ್ಕೆ ಹೊಂದುವ ಆಟವೂ ಇದೆ, ಅದೂ ನಮ್ಮ ಬೇ ಏರಿಯಾದಲ್ಲೇ ಹುಟ್ಟಿದ್ದು: 1978ರ 'ರೂನ್‌ಕ್ವೆಸ್ಟ್'. ಅದರಲ್ಲಿ ವರ್ಗಗಳಿಲ್ಲ. ಬಳಸಿದ ವಿದ್ಯೆ ಬೆಳೆಯುತ್ತದೆ. ಬೆಳೆದಷ್ಟೂ ಮುಂದಿನ ಮೆಟ್ಟಿಲು ಕಷ್ಟವಾಗುತ್ತದೆ. ಓದಿದವರಿಗೆಲ್ಲ ಗೊತ್ತಿರುವ ಸತ್ಯವಿದು.

ಮಗ ಕೊನೆಗೆ ಅಂಕ ಬದಲಿಸಿದ: ಬುದ್ಧಿಗೆ 14, ತೋಳ್ಬಲಕ್ಕೆ 8. ಮೊದಲ ಕಾಳಗದಲ್ಲೇ ಚೆನ್ನಾಗಿ ಪೆಟ್ಟು ತಿಂದ. ಆದರೆ ಗುಹೆಯ ಗೋಡೆಯ ಬರಹ ಓದಿ ಎಲ್ಲರಿಗೂ ದಾರಿ ತೋರಿಸಿದವನೂ ಅವನೇ.

ಆಟವನ್ನು ಇಷ್ಟು ಟೀಕಿಸಿದ ಮೇಲೆ ನಮ್ಮ ಮನೆಯ ಲೆಕ್ಕವನ್ನೂ ಒಪ್ಪಿಸಬೇಕು. ಶನಿವಾರ, ಭಾನುವಾರಗಳ ಹೊತ್ತನ್ನು ಮಕ್ಕಳಿಗೆ ಹಂಚುವವರು ನಾವೇ. ಗಣಿತಕ್ಕೆ 15, ಈಜಿಗೆ 14, ಪಿಯಾನೋಗೆ 13. ಕನ್ನಡಕ್ಕೆ ಉಳಿದದ್ದು ಎಷ್ಟು? ನಮ್ಮ ಮನೆಯಲ್ಲಂತೂ 8. ನಿಮ್ಮಲ್ಲಿ?