ಬ್ರಹ್ಮಗಿರಿಯ ಮೃತ್ಪಾತ್ರೆಗಳ ರೇಖಾಲಂಕರಣ: ಸಂಕೇತಾರ್ಥದ ಪ್ರಶ್ನೆ

ತಳಕು ಸೀಮೆಗೆ ನೆರೆಯಾದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯು ಸಾಮಾನ್ಯ ಓದುಗರಿಗೆ ಅಶೋಕನ ಶಾಸನದಿಂದ ಪರಿಚಿತ, ಪುರಾತತ್ತ್ವಜ್ಞರಿಗೆ ಮಡಕೆಗಳಿಂದ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನವು ಇಲ್ಲಿ ಕಲ್ಲುಕೊಡಲಿ, ಬೃಹತ್ ಶಿಲಾ ಹಾಗೂ ಆಂಧ್ರ ಎಂಬ ಮೂರು ಸಂಸ್ಕೃತಿಗಳ ಅನುಕ್ರಮವನ್ನು ಗುರುತಿಸಿತು. ಈ ಪಾತ್ರೆಗಳ ಮೇಲಿನ ಗೆರೆಗಳೆಲ್ಲವನ್ನೂ ‘ಸಾಂಕೇತಿಕ ಅಲಂಕರಣ’ವೆಂದು ಒಂದೇ ಹೆಸರಿನಲ್ಲಿ ಕರೆಯುವುದು ಸರಿಯೇ ಎಂಬುದು ವಿಚಾರಾರ್ಹ.

ಅಲ್ಲಿರುವುದು ಎರಡು ಬಗೆಯ ಗೆರೆ. ಆಂಧ್ರ ಸ್ತರದ ಪಾತ್ರೆಗಳಲ್ಲಿ ಕುಂಬಾರನು ಸುಡುವ ಮೊದಲೇ ಬಿಳಿಯ ಬಣ್ಣದಿಂದ ನೇರ ಹಾಗೂ ಬಾಗಿದ ರೇಖೆಗಳನ್ನು ಎಳೆದು, ಅದರ ಮೇಲೆ ಕಾವಿಯನ್ನು ತೆಳುವಾಗಿ ಬಳಿದಿದ್ದಾನೆ. ಇದು ತಯಾರಿಕೆಯ ಅಂಗ. ಬೃಹತ್ ಶಿಲಾ ಸಂಸ್ಕೃತಿಯ ಪಾತ್ರೆಗಳ ಗೀರುಗುರುತುಗಳಾದರೋ ಬಹುಮಟ್ಟಿಗೆ ಸುಟ್ಟ ಬಳಿಕ ಗೀಚಿದವು. ಅವನ್ನು ಗೀಚಿದ ಕೈ ಕುಂಬಾರನದೋ, ಪಾತ್ರೆಯ ಒಡೆಯನದೋ, ಹೇಳಲಾಗದು. ಮೊದಲನೆಯದು ಅಲಂಕಾರ, ಎರಡನೆಯದು ಗುರುತು. ಬಿ.ಬಿ. ಲಾಲ್ ಅವರು 1960ರ ‘ಏನ್ಶಿಯಂಟ್ ಇಂಡಿಯಾ’ ಸಂಚಿಕೆಯ ಲೇಖನದಲ್ಲಿ ಇಂತಹ ಗುರುತುಗಳನ್ನು ಹರಪ್ಪದ ಗುರುತುಗಳೊಡನೆ ಹೋಲಿಸಿ ಸಾಮ್ಯವನ್ನು ತೋರಿಸಿದರು. ಆದರೆ ಆಕಾರಸಾಮ್ಯವು ಅರ್ಥಸಾಮ್ಯಕ್ಕೆ ಪ್ರಮಾಣವಾಗದು.

ಚೀನಾದ ನೀಲಿ-ಬಿಳಿ ಪಿಂಗಾಣಿಯೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿರುವುದರಿಂದ ಹೋಲಿಕೆ ತೀರ ದೂರದ್ದಲ್ಲ. ಅಲ್ಲಿಯೂ ಚಿತ್ರವು ಮೇಲ್ಪದರದ ಅಡಿಯಲ್ಲಿದೆ: ಕೋಬಾಲ್ಟಿನಿಂದ ಬರೆದು, ಪಾರದರ್ಶಕ ಮೆರುಗು ಬಳಿದು ಸುಡುವ ಕ್ರಮವದು. ಆದರೆ ಆ ಚಿತ್ರಗಳ ಅರ್ಥವನ್ನು ಓದಲು ಸಾಧ್ಯ. ಬಾವಲಿಗೂ ಭಾಗ್ಯಕ್ಕೂ ಚೀನೀ ಭಾಷೆಯಲ್ಲಿ ‘ಫು’ ಎಂಬ ಒಂದೇ ಉಚ್ಚಾರ. ಮೀನಿಗೂ ಸಮೃದ್ಧಿಗೂ ‘ಯು’. ಕಮಲದ ಹೆಸರಾದ ‘ಲಿಯೆನ್’ ಎಂಬುದು ನಿರಂತರತೆಯನ್ನೂ ಧ್ವನಿಸುವುದರಿಂದ, ಕಮಲ ಮತ್ತು ಮೀನು ಕೂಡಿದರೆ ವರ್ಷವರ್ಷವೂ ಸಮೃದ್ಧಿಯಿರಲಿ ಎಂಬ ಹಾರೈಕೆ. ಅರ್ಥವಿರುವುದು ಆಕಾರದಲ್ಲಲ್ಲ, ಮಾತಿನಲ್ಲಿ. ಮನೆಯೊಳಗೆ ಬಾವಲಿ ನುಗ್ಗಿದರೆ ಅಪಶಕುನವೆನ್ನುವ ನಮ್ಮ ಹಳ್ಳಿಗರು ಆ ತಟ್ಟೆಯನ್ನು ಕಂಡು ಏನೆಂದಾರು!

ಬ್ರಹ್ಮಗಿರಿಯ ಕುಂಬಾರನು ತನ್ನ ಗೆರೆಗಳಿಗೆ ಇಟ್ಟಿದ್ದ ಹೆಸರು ಉಳಿದು ಬಂದಿಲ್ಲ. ಇಸಿಲ ಪಟ್ಟಣವನ್ನು ಹೆಸರಿಸುವ ಅಶೋಕನ ಶಾಸನವು ಪ್ರಾಕೃತದಲ್ಲಿದೆ. ಲಿಪಿಕಾರ ಚಪಡನು ತನ್ನ ವೃತ್ತಿನಾಮವನ್ನು ಖರೋಷ್ಠಿಯಲ್ಲಿ ಕೊರೆದಿದ್ದಾನೆ. ವಾಯವ್ಯ ಭಾರತದ ಲಿಪಿಯನ್ನು ಬಲ್ಲವನ ಬರಹ ಇಲ್ಲಿ ದೊರೆತರೂ ಮಡಕೆಯ ಗೀರನ್ನು ಪದವೊಂದಕ್ಕೆ ಜೋಡಿಸುವ ಕೊಂಡಿ ದೊರೆತಿಲ್ಲ. ಆದ್ದರಿಂದ ಅಡ್ಡಗೆರೆಗಳ ಜಾಲವನ್ನು ಫಲವಂತಿಕೆಯೆಂದೋ ವೃತ್ತವನ್ನು ಸೂರ್ಯನೆಂದೋ ನಿರ್ಣಯಿಸುವುದು ಸಾಹಸವೇ ಸರಿ. ಗುರುತು ಯಾವ ಆಕಾರದ ಪಾತ್ರೆಯ ಯಾವ ಭಾಗದಲ್ಲಿದೆ, ಸಮಾಧಿಯ ಪಾತ್ರೆಯಲ್ಲಿ ಹೆಚ್ಚೋ ವಸತಿಯ ಪಾತ್ರೆಯಲ್ಲಿ ಹೆಚ್ಚೋ ಎಂಬುದನ್ನು ಚೂರು ಚೂರಾಗಿ ಪಟ್ಟಿಮಾಡುವ ಕೆಲಸವು ವ್ಯಾಖ್ಯಾನಕ್ಕಿಂತ ಮೊದಲು ನಡೆಯಬೇಕಾದುದು.