ಫೀಸಿಲ್ಲದ ಜರ್ಮನಿ ಎಂಬ ಲೆಕ್ಕ

ಎಂ.ಎಸ್. ಓದಲು ಹೊರಟ ನಮ್ಮ ಹುಡುಗ ಹುಡುಗಿಯರನ್ನು ಜರ್ಮನಿಯೇ ಯಾಕೆ ಎಂದು ಕೇಳಿ ನೋಡಿ. ಅಲ್ಲಿ ಫೀಸಿಲ್ಲ ಎನ್ನುತ್ತಾರೆ. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಸುಮಾರು 49 ಸಾವಿರ ಭಾರತೀಯರು ಓದುತ್ತಿದ್ದರು, ಚೀನೀಯರಿಗಿಂತಲೂ ಹೆಚ್ಚು. ಇಷ್ಟು ಜನ ಒಂದು ದೇಶಕ್ಕೆ ಬೆಲೆ ಕಟ್ಟುವ ಈ ಕ್ರಮ ಅರ್ಧ ಜಾಣತನದ್ದು, ಇನ್ನರ್ಧ ಅವಸರದ್ದು ಎಂದು ನನ್ನ ಅನಿಸಿಕೆ.

ಮನೆ ಅಡವಿಟ್ಟು ಅಮೆರಿಕಕ್ಕೆ ಹೋಗುವುದಕ್ಕಿಂತ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಟ್ಟಿ ಸರಕಾರಿ ವಿಶ್ವವಿದ್ಯಾಲಯದಲ್ಲಿ ಓದುವುದು ವಿವೇಕವೇ ಸರಿ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು, ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಅನುಮತಿಯಿದೆ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿಡುವ 11,904 ಯೂರೋ ಕೂಡ ಖರ್ಚಲ್ಲ, ತಿಂಗಳಿಗೆ 992ರಂತೆ ಕೈಗೇ ಬರುವ ನಮ್ಮ ಹಣ. (ಮ್ಯೂನಿಕ್ಕಿನಲ್ಲಿ ಅದರ ಬಹುಪಾಲನ್ನು ಕೋಣೆಯ ಬಾಡಿಗೆಯೇ ನುಂಗೀತು.)

ಆದರೆ ಫೀಸಿಲ್ಲವೆಂಬುದೂ ಈಗ ಎಲ್ಲೆಡೆ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ವಸೂಲು ಮಾಡುತ್ತಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ 2024ರಲ್ಲಿ ಹೊಸದಾಗಿ ಸೇರುವ ಅಂಥ ಹೊರಗಿನ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ನಿಗದಿ ಮಾಡಿತು. ಹಾಗಿದ್ದೂ ನಮ್ಮವರು ಅದೇ ಬಾಡೆನ್-ವುರ್ಟೆಂಬರ್ಗಿನ ಸ್ಟಟ್‌ಗಾರ್ಟಿಗೆ ಹೋಗುತ್ತಲೇ ಇದ್ದಾರೆ, ಅದು ಬಾಷ್, ಮರ್ಸಿಡಿಸ್‌ಗಳ ಊರು ತಾನೆ. ಬಾಯಲ್ಲಿ ಫೀಸು, ಮನಸ್ಸಿನಲ್ಲಿ ನೌಕರಿ. ತಪ್ಪೇನಿಲ್ಲ. ನೌಕರಿಯೇ ಗುರಿಯಾದರೆ ಲೆಕ್ಕ ಶುರುವಾಗಬೇಕಾದದ್ದು ಜರ್ಮನ್ ಭಾಷೆಯಿಂದ.

ಇಲ್ಲೇ ಬೆಂಗಳೂರಿನವರು ವಿಶೇಷವಾಗಿ ಎಡವುವುದು. ಆಡುಗೋಡಿಯ ಬಾಷ್ (ಹಳಬರ ಬಾಯಲ್ಲಿ ಇಂದಿಗೂ ಮೈಕೋ), ವೈಟ್‌ಫೀಲ್ಡಿನ ಎಸ್‌ಎಪಿ, ಇವೆಲ್ಲ ಇಲ್ಲಿ ಇಂಗ್ಲಿಷಿನಲ್ಲೇ ನಡೆಯುತ್ತವೆ. ಮೂಲ ಕಂಪನಿಯೂ ಹಾಗೇ ಇದ್ದೀತೆಂದು ಭಾವಿಸುವುದು ಸಹಜ. ಕೋರ್ಸಿನ ಬೋಧನೆಯೂ ಇಂಗ್ಲಿಷಿನಲ್ಲಿದ್ದರೆ ನಂಬಿಕೆ ಇನ್ನೂ ಗಟ್ಟಿ. ಸಾಫ್ಟ್‌ವೇರಿನಲ್ಲಿ ಒಂದಿಷ್ಟು ಮಟ್ಟಿಗೆ ಅದು ನಡೆದೀತು. ಮೆಕ್ಯಾನಿಕಲ್, ಸಿವಿಲ್ ಓದಿದವರನ್ನು ಮಾತ್ರ ಸಣ್ಣ, ಮಧ್ಯಮ ಗಾತ್ರದ ಕಂಪನಿಗಳು ಸಂದರ್ಶನದಲ್ಲಿ ಜರ್ಮನ್ ಬರುತ್ತದೆಯೇ ಎಂದೇ ಕೇಳುತ್ತವೆ. ಭಾಷೆಯ ಮೊದಲ ಹಂತವಾದ ಎ1 ಮುಗಿಸಿದ್ದೇನೆ ಎಂಬ ಉತ್ತರ ಅಲ್ಲಿ ಸಾಲದು, ನಾಲ್ಕನೆಯ ಹಂತವಾದ ಬಿ2 ಬೇಕು. ಅಷ್ಟು ಕಲಿಯಲು ತಿಂಗಳುಗಟ್ಟಲೆ ದುಡಿಮೆ ಬೇಕು. ಅದನ್ನು ಓದಿನ ನಡುವೆ ತುರುಕಿದರೆ ಪರೀಕ್ಷೆಗೆ ಪೆಟ್ಟು. ಅಲ್ಲಿನ ಪರೀಕ್ಷೆಯೋ ನಮ್ಮ ಇಂಟರ್ನಲ್ಸ್ ಇಲ್ಲದ್ದು: ಎಷ್ಟೋ ವಿಷಯಗಳಲ್ಲಿ ಕೊನೆಯ ಒಂದೇ ಪತ್ರಿಕೆ ಎಲ್ಲವನ್ನೂ ನಿರ್ಧರಿಸುತ್ತದೆ, ಕಡ್ಡಾಯ ವಿಷಯದಲ್ಲಿ ಸಾಮಾನ್ಯವಾಗಿ ಮೂರನೆಯ ಸಲವೂ ಫೇಲಾದರೆ ಆ ಕೋರ್ಸೇ ಮುಗಿದಂತೆ.

ಇವೆಲ್ಲ ಗುಟ್ಟೇನಲ್ಲ. ಆದರೂ ಕನ್ಸಲ್ಟೆನ್ಸಿಗಳ ಪಟ್ಟಿಯಲ್ಲಿ ಶುಲ್ಕ, ರ‍್ಯಾಂಕ್, ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ವೀಸಾ ದಿನಾಂಕ ಬಂದಷ್ಟು ಮುಂದಾಗಿ ಭಾಷೆ ಬರುವುದಿಲ್ಲ. ಸೀನಿಯರುಗಳ ಸಲಹೆಯೂ ಹೆಚ್ಚಾಗಿ ಮೊದಲ ಸೆಮಿಸ್ಟರಿನವರದ್ದು. ಕೋಣೆ ಸಿಕ್ಕ, ರೈಲು ಪಾಸು ಸಿಕ್ಕ ಖುಷಿಯಲ್ಲಿರುವವರು ಅವರು. ಹದಿನೆಂಟು ತಿಂಗಳಲ್ಲಿ ಹದಿನೈದನ್ನು ಅರ್ಜಿ ಹಾಕುವುದರಲ್ಲೇ ಕಳೆದವನನ್ನು ಯಾರೂ ಹುಡುಕಿ ಕೇಳುವುದಿಲ್ಲ, ಅವನೂ ತಾನಾಗಿ ಹೇಳುವುದಿಲ್ಲ. ದೇಶ ಆರಿಸುವ ಮುನ್ನ ಅಂಥವನ ಜೊತೆ ಒಂದು ಗಂಟೆ ಮಾತಾಡುವುದು, ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಜರ್ಮನ್ ಅನ್ನು ಬಿ1ವರೆಗಾದರೂ ಕಲಿಯುವುದು, ಇವೆರಡನ್ನೂ ಮಾಡಿದ ಮೇಲೂ ಜರ್ಮನಿಯೇ ಬೇಕೆನ್ನುವವರ ಆಯ್ಕೆಯನ್ನು ನಾನು ನಂಬುತ್ತೇನೆ.