ರಾಮ್ ಮಾತಾಡಬೇಕಿತ್ತು

2018ರ ತಮಿಳು ಸಿನಿಮಾ ‘96’ ನೋಡಿ ಕಣ್ಣೊರೆಸಿಕೊಂಡವರು ಬೆಂಗಳೂರಲ್ಲೂ ಕಡಿಮೆ ಇಲ್ಲ. ಮರುವರ್ಷವೇ ಪ್ರೀತಂ ಗುಬ್ಬಿ ಅದನ್ನ ಗಣೇಶ್, ಭಾವನಾ ಜೋಡಿಯಲ್ಲಿ ‘99’ ಅಂತ ಕನ್ನಡಕ್ಕೆ ತಂದರು. ನಾನು ಹೇಳ್ತಿರೋದು ಸಿ. ಪ್ರೇಮ್‌ಕುಮಾರ್ ನಿರ್ದೇಶನದ ಮೂಲ ಚಿತ್ರದ ಬಗ್ಗೆ. ಇನ್ನೂ ನೋಡಿಲ್ಲ ಅಂದ್ರೆ ಮೊದಲು ನೋಡಿ, ಆಮೇಲೆ ಓದಿ.

ತಂಜಾವೂರಿನ ಶಾಲೆಯಲ್ಲಿ ರಾಮ್ ಮತ್ತು ಜಾನು ಒಬ್ಬರನ್ನೊಬ್ಬರು ಇಷ್ಟಪಡ್ತಾರೆ. ಅಪ್ಪನ ಸಾಲದಿಂದಾಗಿ ರಾಮ್ ಮನೆಯವರು ಇದ್ದಕ್ಕಿದ್ದಂತೆ ಊರು ಬಿಡ್ತಾರೆ. 22 ವರ್ಷ ಆದ್ಮೇಲೆ ಚೆನ್ನೈನಲ್ಲಿ ಹಳೇ ಕ್ಲಾಸ್‌ಮೇಟ್‌ಗಳೆಲ್ಲ ಸೇರಿದಾಗ ಇಬ್ಬರೂ ಮತ್ತೆ ಸಿಗ್ತಾರೆ. ಅವನು ಮದುವೆಯಾಗದೇ ಉಳಿದ ಫೋಟೋಗ್ರಾಫರ್. ಅವಳಿಗೆ ಸಿಂಗಾಪುರದಲ್ಲಿ ಗಂಡ, ಮಗು. ಬೆಳಗಾದರೆ ಅವಳ ವಿಮಾನ.

ವಿಜಯ್ ಸೇತುಪತಿ, ತ್ರಿಷಾ ಅಭಿನಯ, ಗೋವಿಂದ್ ವಸಂತ ಸಂಗೀತ ಎಲ್ಲವೂ ಚೆನ್ನಾಗಿದೆ. ಆದ್ರೆ ಈ ಸಿನಿಮಾ ಅಂದ ತಕ್ಷಣ ಎಲ್ಲರೂ ಹೊಗಳೋದು ರಾಮ್‌ನ ಮೌನವನ್ನ. ‘ಎಂಥಾ ಪವಿತ್ರ ಪ್ರೀತಿ’ ಅಂತಾರೆ. ನನಗೆ ತಕರಾರಿರೋದು ಅಲ್ಲೇ.

ಲೆಕ್ಕ ಹಾಕಿ ನೋಡಿ. ರಾಮ್ ಜಾನುನ ಹುಡುಕಿಕೊಂಡು ಅವಳ ಕಾಲೇಜಿಗೆ ಹೋಗ್ತಾನೆ. ಬೇರೆ ಹುಡುಗಿ ಹತ್ತಿರ ಹೇಳಿ ಕಳಿಸ್ತಾನೆ. ಹೊರಗೆ ನಿಂತಿರೋದು ಕಾಟ ಕೊಡೋ ಇನ್ಯಾರೋ ಅಂದುಕೊಂಡು ಅವಳು ಬೈದು ಕಳಿಸ್ತಾಳೆ. ಇವನು ಸುಮ್ಮನೆ ವಾಪಸ್ ಬರ್ತಾನೆ. ಆಮೇಲೂ ದೂರದಿಂದಲೇ ಅವಳನ್ನ ಗಮನಿಸ್ತಾನೆ, ಕಡೆಗೆ ಅವಳ ಮದುವೆಗೂ ಹೋಗ್ತಾನೆ. ಅವಳಿಗೆ ಮಾತ್ರ ಇವನು ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಅನ್ನೋದೂ ಗೊತ್ತಿಲ್ಲ. ಮಾಹಿತಿಯೆಲ್ಲ ಒಬ್ಬರ ಹತ್ತಿರ, ಅದರ ಪರಿಣಾಮ ಮಾತ್ರ ಇನ್ನೊಬ್ಬರ ಬದುಕಿನ ಮೇಲೆ. ಇದನ್ನ ತ್ಯಾಗ ಅನ್ನೋದು ಹೇಗೆ?

ನಮ್ಮಂಥ ಊರುಗಳಲ್ಲಿ ಹುಡುಗ ಹುಡುಗಿ ನೇರವಾಗಿ ಮಾತಾಡಿದ್ರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿರುತ್ತೆ. ಹಾಗಾಗಿ ಗೆಳೆಯರ ಬಾಯಲ್ಲಿ ಹೇಳಿಸೋದನ್ನ ಎಲ್ಲರೂ ಕಲೀತೀವಿ. ಹದಿನೈದರ ಹುಡುಗನಿಗೆ ಅದು ಸರಿ. ಊರು ಬಿಟ್ಟು, ದುಡಿದು, ದೇಶ ಸುತ್ತಿದವನಿಗೂ ಅದೇ ಭಯ ಇದ್ರೆ ಅದು ಪಾವಿತ್ರ್ಯ ಅಲ್ಲ, ಅಭ್ಯಾಸ.

ಚಿತ್ರದ ಅತ್ಯುತ್ತಮ ದೃಶ್ಯ ಅಂದ್ರೆ ರಾಮ್‌ನ ವಿದ್ಯಾರ್ಥಿಗಳು ಜಾನುನ ಅವನ ಹೆಂಡತಿ ಅಂದುಕೊಳ್ಳೋದು. ಅವಳು ‘ಅಲ್ಲ’ ಅನ್ನಲ್ಲ. ಕಾಲೇಜಿನಲ್ಲಿ ಇಬ್ಬರೂ ಮತ್ತೆ ಸಿಕ್ಕು ಒಂದಾದ ಕಥೆಯನ್ನ ಅಲ್ಲೇ ಕಟ್ಟಿ ಹೇಳ್ತಾಳೆ. ಇಡೀ ಸಿನಿಮಾದಲ್ಲಿ ಇವರಿಗೆ ಸಿಗೋ ಎರಡನೇ ಅವಕಾಶ ಅದೊಂದೇ, ಅದೂ ಸುಳ್ಳು. ರಾಮ್ ಪಕ್ಕದಲ್ಲೇ ಕೂತು ಕೇಳ್ತಾನೆ. ಬಾಯಿಬಿಟ್ಟಿದ್ರೆ ಬದುಕು ಹೀಗಿರಬಹುದಿತ್ತು ಅಂತ ಅವನ ಮುಖಕ್ಕೇ ಹೇಳಿದಂತಿದೆ.

ಆಮೇಲೆ ಕರೆಂಟ್ ಹೋದಾಗ, ಶಾಲೆಯಲ್ಲಿ ಅವನು ಎಷ್ಟು ಕೇಳಿದ್ರೂ ಹಾಡದ ಹಾಡನ್ನ ಜಾನು ಕತ್ತಲಲ್ಲಿ ಹಾಡ್ತಾಳೆ. ಧೈರ್ಯ ಮಾಡೋದು ಆಗಲೂ ಅವಳೇ. ರಾಮ್ ದೀಪ ಹುಡುಕ್ತಾ ಓಡಾಡ್ತಾನೆ. ನಾವು ಮಾತ್ರ ಅವನಿಗಾಗಿ ಅಳ್ತೀವಿ.